ಅತ್ತೆಹಲ್ಲಿನ ಬಳಿ ಕೊನೆಯ ಹಡಗು

"ಈ ಮುದುಕನನ್ನೇ ಯಾಕೆ ಕಳಿಸ್ತಿದೀರಿ? ಬೇರೆ ಪೈಲಟ್ ಸಿಗಲಿಲ್ವಾ?" ಹೈಲಿ ಬಂದರು ಕಚೇರಿಯ ಗುಮಾಸ್ತನ ಮೇಲೆ ರೇಗಿದಳು.

"ನಾವೆಲ್ಲಿ ಕಳಿಸ್ತಿದೀವಿ ಮೇಡಂ? ಹಡಗಿನ ಕ್ಯಾಪ್ಟನ್ನೇ ಹೆಸರು ಬರೆದು ಕೇಳಿದಾನೆ. ಎಲ್ಮಾರ್ ವೈಕ್ ಬರದಿದ್ರೆ ಹಡಗು ಬಿಡಲ್ಲವಂತೆ."

ಅಂದು 1994ರ ಆಗಸ್ಟ್ 31. ಒಪ್ಪಂದದಂತೆ ಆ ದಿನ ಮುಗಿಯುವುದರೊಳಗೆ ರಷ್ಯದ ಪಡೆ ಎಸ್ಟೋನಿಯಾ ಬಿಟ್ಟು ಹೊರಟಿರಬೇಕು. ಐವತ್ತು ವರ್ಷ ಮುಳ್ಳುತಂತಿಯೊಳಗಿದ್ದ ಆ ಪುಟ್ಟ ಬಂದರಿನಲ್ಲಿ ಉಳಿದಿದ್ದು ಅವರ ಒಂದೇ ಹಡಗು. ಅದನ್ನು ಬಂಡೆಗಳ ನಡುವಿನಿಂದ ಹೊರಸಮುದ್ರಕ್ಕೆ ದಾಟಿಸುವ ಪೈಲಟ್ ಎಲ್ಮಾರ್. ಅವನ ಮೇಲೆ ಕಣ್ಣಿಡಲು ಭದ್ರತಾ ಇಲಾಖೆ ಲೆಫ್ಟಿನೆಂಟ್ ಹೈಲಿಯನ್ನು ಕಳಿಸಿತ್ತು.

ಕಣ್ಣಿಡಲು ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಎಲ್ಮಾರನ ತಮ್ಮ ವಾಲ್ದೆಕ್ ಮೀನಿನ ಬಲೆ ಎತ್ತಲು ಹೋಗಿದ್ದ. ಕಾವಲು ಹಡಗೊಂದು ಅವನ ದೋಣಿಯ ಮೇಲೇ ಹಾದುಹೋಯಿತು. 'ಕುಡಿದು ನೀರಿಗೆ ಬಿದ್ದ' ಎಂದು ಕಾಗದದಲ್ಲಿ ಬರೆದರು. ವಾಲ್ದೆಕ್ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಆ ಕಾವಲು ಹಡಗನ್ನು ನಡೆಸುತ್ತಿದ್ದವನು ಜವ್ಯಾಲೊವ್. ಇಂದಿನ ಕೊನೆಯ ಹಡಗಿನ ಕ್ಯಾಪ್ಟನ್ನೂ ಅವನೇ.

ಹೊರಡುವ ಮುನ್ನ ಹೈಲಿಯ ಮುಖ್ಯಸ್ಥ ಒತ್ತಿ ಹೇಳಿದ್ದ: "ಆ ಹಡಗು ಬಂಡೆಗೆ ತಗುಲಿತೋ, ನಮ್ಮ ಕಥೆ ಮುಗೀತು. ಹಡಗಿಗೆ ಕಾವಲು, ತನಿಖೆ, ಎಣ್ಣೆ ಸೋರಿಕೆ ಅಂತ ಇನ್ನೂರು ಸೈನಿಕರು ಇಲ್ಲೇ ಠಿಕಾಣಿ ಹೂಡ್ತಾರೆ. ಆಮೇಲೆ ಅವರನ್ನ ಎಬ್ಬಿಸೋರು ಯಾರು? ಮುದುಕ ದಾರಿ ಗುರುತಿಗೆ ಕಟ್ಟಿರೋ ತೇಲುಪೀಪಾಯಿಗಳ ಸಾಲು ಬಿಟ್ಟು ಒಂದು ಗೇಣೂ ಆಚೆ ಹೋಗಬಾರದು."

ಹಡಗು ಹತ್ತುವಾಗ ಅವಳು ಮುದುಕನ ತೋಳು ಹಿಡಿದು ನಿಲ್ಲಿಸಿದಳು. "ಎಲ್ಮಾರ್ ಅವರೇ, ನಿಮ್ಮ ಸಂಕಟ ನನಗೆ ಗೊತ್ತು. ಆದರೆ ಇವತ್ತು ಬೇಡ."

"ಇವತ್ತಲ್ಲದೆ ಇನ್ಯಾವತ್ತು ಹುಡುಗಿ?" ಎಂದ ಅವನು. "ನಾಳೆ ಇವನು ಇರೋದೇ ಇಲ್ವಲ್ಲ."

ಹೈಲಿ ಅವನ ಹಿಂದೆಯೇ ಏಣಿ ಹತ್ತಿದಳು.

ಬಿಸಿಲು ಹೊಳೆಯುವ ಮಧ್ಯಾಹ್ನ. ಸಮುದ್ರ ತಟ್ಟೆಯ ಹಾಗೆ ಮಟ್ಟಸವಾಗಿತ್ತು. ಆದರೂ ಡೆಕ್ಕಿನ ಮೇಲಿದ್ದ ನಾವಿಕರೆಲ್ಲ ಲೈಫ್ ಜಾಕೆಟ್ ತೊಟ್ಟು ನಿಂತಿದ್ದರು. ಚುಕ್ಕಾಣಿ ಕೋಣೆಯಲ್ಲಿ ಜವ್ಯಾಲೊವ್ ಪೈಲಟ್‌ನ ಭುಜಕ್ಕೆ ಭುಜ ತಾಗಿಸಿ ನಿಂತ.

"ನಿನ್ನ ತಮ್ಮ ಇಲ್ಲೇ ಎಲ್ಲೋ ಅಲ್ವಾ ಮುದುಕಾ, ಮುಳುಗಿದ್ದು? ಪಾಪ, ಈಜು ಬರ್ತಿರಲಿಲ್ಲ ಅನ್ಸುತ್ತೆ."

ಎಲ್ಮಾರನ ಕೆನ್ನೆಯ ನರ ಎದ್ದಿತು. ಹೈಲಿ ಮಧ್ಯೆ ಬಾಯಿ ಹಾಕಿದಳು: "ಕ್ಯಾಪ್ಟನ್, ಅವರ ಪಾಡಿಗೆ ಅವರನ್ನ ಬಿಡಿ."

"ಲೆಫ್ಟಿನೆಂಟಮ್ಮಾ, ಹಳೇ ಸ್ನೇಹಿತರು ನಾವು. ಬೀಳ್ಕೊಡುಗೆ ಮಾತಾಡ್ಬಾರದಾ?"

ಮುಂದೆ ಅತ್ತೆಹಲ್ಲು ಬರುವುದಿತ್ತು. ನೀರಿನಡಿ ಅಡಗಿದ ಚೂಪು ಬಂಡೆಗೆ ಊರವರಿಟ್ಟ ಹೆಸರು ಅದು. ಅಲ್ಲಿ ಕೆಂಪು ಪೀಪಾಯಿಯನ್ನು ಬಲಕ್ಕೆ ಬಿಟ್ಟುಕೊಂಡು ಸಾಗಬೇಕು. ನಕ್ಷೆಯಲ್ಲಿ ಹೈಲಿ ಅದನ್ನು ಹತ್ತು ಸಲ ನೋಡಿಕೊಂಡಿದ್ದಳು. ಮುದುಕ ಮಾತ್ರ ಮುಂದೆ ನೋಡದೆ ಹಿಂದಿನ ದಡವನ್ನೇ ನೋಡುತ್ತಿದ್ದ, ಅಲ್ಲಿನ ಚರ್ಚಿನ ಗೋಪುರವನ್ನು. ಪ್ರಾರ್ಥಿಸುತ್ತಿದ್ದಾನೆ ಎಂದುಕೊಂಡಳು. ಅಂಥ ಕೆಲಸಕ್ಕೆ ಮುನ್ನ ಜನ ಪ್ರಾರ್ಥಿಸುತ್ತಾರಲ್ಲ.

ದೂರದಲ್ಲಿ ಪೀಪಾಯಿ ಕಂಡಿತು. ಎಲ್ಮಾರ್ ಅದನ್ನು ನೋಡಿದ, ತಿರುಗಿ ಗೋಪುರವನ್ನು ನೋಡಿದ. ಆಮೇಲೆ ಸದ್ದಿಲ್ಲದೆ ನಕ್ಕ.

"ಬಲಕ್ಕೆ ತಿರುಗಿಸು," ಎಂದ ಚುಕ್ಕಾಣಿಯವನಿಗೆ. "ಇನ್ನೂ ಬಲಕ್ಕೆ."

ಹಡಗಿನ ಮೂತಿ ಪೀಪಾಯಿಯನ್ನು ಎಡಕ್ಕೆ ಬಿಟ್ಟು, ನಕ್ಷೆಯಲ್ಲಿ ಬಂಡೆ ಇದ್ದ ಕಡೆಗೇ ಹೊರಳಿತು.

"ಏನ್ ಮಾಡ್ತಿದೀಯ?" ಜವ್ಯಾಲೊವ್ ಕಿರುಚಿದ. "ಪೀಪಾಯಿ ದಾರಿ ಬಿಟ್ಟೆ! ಲೆಫ್ಟಿನೆಂಟಮ್ಮಾ, ನೋಡ್ತಿದೀರಲ್ಲ? ನೀವೇ ಹೇಳಿ, ನಿಮ್ಮ ಸರ್ಕಾರದ ಪರವಾಗಿ ಹೇಳಿ!"

"ಎಲ್ಮಾರ್, ದಾರಿಗೆ ಬನ್ನಿ!" ಹೈಲಿ ಅವನ ಕೋಟು ಹಿಡಿದು ಜಗ್ಗಿದಳು. "ದೇಶವನ್ನೇ ಮುಳುಗಿಸ್ತಿದೀರಿ!"

"ಎರಡು ನಿಮಿಷ ಕೊಡು ಹುಡುಗಿ. ಆಮೇಲೆ ಬೇಕಾದ್ರೆ ನನ್ನ ನೇಣಿಗೆ ಹಾಕ್ಸು."

ಚುಕ್ಕಾಣಿಯವನು ಕ್ಯಾಪ್ಟನ್ನಿನ ಮುಖ ನೋಡಿದ. ಹಡಗು ಅವನದು, ಒಂದು ಮಾತು ಅಂದಿದ್ದರೆ ಸಾಕಿತ್ತು, ಪೈಲಟ್‌ನನ್ನು ಪಕ್ಕಕ್ಕೆ ತಳ್ಳಿ ತಿರುಗಿಸುತ್ತಿದ್ದರು. ಜವ್ಯಾಲೊವ್ ಬಾಯಿ ತೆರೆದ, ಹಾಗೇ ಮುಚ್ಚಿಕೊಂಡ.

ಆಳ ಅಳೆಯುವವನು ಕೂಗತೊಡಗಿದ. "ಒಂಬತ್ತು ಮೀಟರ್!... ಎಂಟು!" ಹೈಲಿ ಕಂಬಿ ಹಿಡಿದು ಕಣ್ಣು ಮುಚ್ಚಿದಳು.

"ಎಂಟು!... ಹತ್ತು... ಹದಿನಾಲ್ಕು... ಇಪ್ಪತ್ತು!"

ಕಣ್ಣು ಬಿಟ್ಟಾಗ ಮುಂದೆ ಬರೀ ತೆರೆದ ಸಮುದ್ರ. ಅವಳು ಕಂಬಿ ಬಿಟ್ಟಳು. ಆದರೆ ಆ ಕೋಣೆಯಲ್ಲಿ ಬೇರೆ ಯಾರ ಮುಖದಲ್ಲೂ ನೆಮ್ಮದಿ ಇರಲಿಲ್ಲ. ಜವ್ಯಾಲೊವ್ ಟೋಪಿ ತೆಗೆದು ಗೋಡೆಗೆ ಎಸೆದ.

ಎಲ್ಮಾರ್ ಅವನ ಹತ್ತಿರ ಹೋಗಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟ. "ಹೋಗಿ ಬನ್ನಿ ಅನ್ನಲ್ಲ," ಎಂದ. "ಹೋಗು."

ಪೈಲಟ್ ದೋಣಿ ಅವರಿಬ್ಬರನ್ನೂ ಇಳಿಸಿಕೊಂಡು ದಡದತ್ತ ಹೊರಟಿತು. ಹೈಲಿ ಮುದುಕನ ಪಕ್ಕ ಬಂದು ಕೂತಳು.

"ನಾನು ನಿಮ್ಮ ಮೇಲೆ ಅನುಮಾನ ಪಟ್ಟೆ. ಸೇಡಿಗೆ ಹಡಗನ್ನ ಬಂಡೆಗೆ ಹತ್ತಿಸ್ತೀರಿ ಅಂದ್ಕೊಂಡೆ. ತಪ್ಪಾಯ್ತು, ಕ್ಷಮಿಸಿ."

"ತಪ್ಪೇನಿಲ್ಲ, ಹತ್ತಿಸೋಕೇ ಹೊರಟಿದ್ದೆ," ಎಂದ ಎಲ್ಮಾರ್. "ಆದರೆ ಗೋಪುರದ ಗುರುತು ಹಿಡಿದು ನೋಡಿದ್ರೆ, ಇಲ್ಲೇ ಉಳಿಯೋಕೆ ಅಂತ ಅವನೇ ಆ ಪೀಪಾಯಿನ ಬಂಡೆಯ ಆ ಪಕ್ಕದಿಂದ ಈ ಪಕ್ಕಕ್ಕೆ ಎಳೆದಿಟ್ಟಿದ್ದ."