ಮೂರು ಬೊಗಸೆ ನೀರು

ಕುಡಿಯುವ ನೀರಿನ ಕೆರೆಗೆ ಎಮ್ಮೆ ಇಳಿಸಿದವರು ಅದೇ ನೀರನ್ನು ಊರವರ ಎದುರು ಮೂರು ಬೊಗಸೆ ಕುಡಿಯಬೇಕೆಂಬುದು ಆ ಊರಿನ ಹಳೆಯ ಕಟ್ಟಳೆ. ಫಕೀರವ್ವ ಎಲ್ಲರೂ ನೋಡುವಂತೆ ಹಾಡಹಗಲೇ ಇಳಿಸಿದ್ದಳು.

ನ್ಯಾಯ ಹೇಳಲು ಕೂತ ಗೌಡರಿಗೆ ಒಳಗೊಳಗೇ ಹಿಗ್ಗು. ಕೆರೆಯ ಮೇಲಿನ ದಿಬ್ಬದಲ್ಲಿ ಅವರು ಹೊಸ ಮನೆ ಕಟ್ಟಿಸಿದಾಗಿನಿಂದ ಈ ಹೆಂಗಸು ಒಂದಿಲ್ಲೊಂದು ಕೊಂಕು ತೆಗೆಯುತ್ತಲೇ ಇದ್ದಳು. ಇವತ್ತು ತಾನಾಗಿಯೇ ಬಲೆಗೆ ಬಿದ್ದಿದ್ದಳು.

“ಕುಡೀತಿಯೇನವ್ವಾ?”

“ಕುಡೀತೀನ್ರಿ. ಆದ್ರ ಎಮ್ಮಿ ಇಳಿಯೂದಕ್ಕಿಂತ ಮೊದಲ ನೀರು ಚಲೋ ಇತ್ತು ಅಂತ ಗೊತ್ತಾಗಬೇಕಲ್ರಿ? ಮುಂಜಾನೆನ ದಿಬ್ಬದ ಬುಡದಾಗ ಕೆರಿಯಿಂದ ಈ ಕೊಡ ತುಂಬಿಟ್ಟೇನಿ. ಇದರಾಗ ನೀವೊಂದು ಬೊಗಸಿ ಕುಡದು ತೋರಸ್ರಿ.”

ಊರವರು “ಹೌದೌದು, ಖರೇ ಮಾತು” ಎಂದು ತಲೆದೂಗಿದರು. ಇದೇನು ಮಹಾ ಎಂದು ಗೌಡರು ಮೀಸೆಯ ಮೇಲೆ ಕೈಯಾಡಿಸಿ ಬೊಗಸೆ ಒಡ್ಡಿದರು. ಫಕೀರವ್ವ ತುಂಬ ಸುರಿದಳು. ಬೊಗಸೆ ತುಟಿಯವರೆಗೆ ಬಂದು ಅಲ್ಲೇ ನಿಂತಿತು. ನೀರಿನಿಂದ ಘಮ್ಮೆಂದು ಮಲ್ಲಿಗೆ ಸೋಪಿನ ವಾಸನೆ ಬಂತು; ದಿನಾ ಬೆಳಿಗ್ಗೆ ಅವರ ಮೈಯಿಂದಲೇ ಬರುವ ವಾಸನೆ.

“ಕುಡೀರಿ ಗೌಡ್ರ,” ಎಂದಳು ಫಕೀರವ್ವ, “ನಿಮ್ಮನಿ ಬಚ್ಚಲ ನೀರಿಗೆ ನೀವಾ ಹೇಸಿದ್ರ, ಅದರಾಗ ಮುಳುಗೆದ್ದ ನಮ್ಮ ಎಮ್ಮಿ ಪಾಡೇನ್ರಿ?”