ಮಂಗಲ ಗ್ರಹ

ನಮ್ಮ ವಿಜ್ಞಾನ ಕಥಾ ಸಂಘಕ್ಕೆ ಏಳು ಜನ ಸದಸ್ಯರು, ಒಂದು ಸೈಕ್ಲೋಸ್ಟೈಲ್ ಪತ್ರಿಕೆ. ಅದರ ಓದುಗರೂ ನಾವೇ. ಇಬ್ಬರು ಓದುತ್ತಲೂ ಇರಲಿಲ್ಲ. ಅಧ್ಯಕ್ಷರ ಮನೆಯ ಮುದಿ ಟೈಪ್‌ರೈಟರಿನಲ್ಲಿ ‘ಳ’ ಮುರಿದು ಮೂರು ವರ್ಷವಾಗಿತ್ತು. ‘ಲ’ ಒತ್ತಿ ಸುಧಾರಿಸುತ್ತಿದ್ದೆವು. ಹಾಗಾಗಿ ನಮ್ಮ ರಾಕೆಟ್‌ಗಳೆಲ್ಲ ಮದುವೆ ದಿಬ್ಬಣದ ಹಾಗೆ ‘ಮಂಗಲ ಗ್ರಹ’ಕ್ಕೆ ಹೊರಡುತ್ತಿದ್ದವು.

ಆ ಭಾನುವಾರ ಅಧ್ಯಕ್ಷರು ಎದ್ದು ನಿಂತು ಕನ್ನಡಕ ಏರಿಸಿದರು.

“ಬೀದರಿಂದ ಓದುಗರೊಬ್ಬರು ಟೈಪ್ ಮಾಡಿ ಕಳಿಸಿದ್ದಾರೆ, ಕೇಳಿ. ‘ಅಧ್ಯಕ್ಷರ ಕತೆಗಳಿಗೆ ಸಾಟಿಯಿಲ್ಲ. ಇಂದುಮತಿಯವರ ಧಾರಾವಾಹಿ ಬರೀ ಬೂಸಾ, ನಿಲ್ಲಿಸಿ.’ ನಾನೇನ್ ಮಾಡ್ಲಿ ಇಂದುಮತಿ? ಓದುಗರೇ ದೇವರು.”

ಪ್ರತಿ ತಿಂಗಳು ಆ ಮುದಿ ಟೈಪ್‌ರೈಟರಿನ ಮುಂದೆ ಕೂತು ಪತ್ರಿಕೆಯ ಸ್ಟೆನ್ಸಿಲ್ ಟೈಪ್ ಮಾಡುತ್ತಿದ್ದವಳು ಇಂದುಮತಿಯೇ. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ.

“ಆಗ್ಲಿ ಸಾರ್, ನಿಲ್ಸೋಣ. ಆ ಕಾಗದ ಕೊಡಿ, ಓದುಗರ ಪುಟಕ್ಕೆ ಹಾಕ್ತೀನಿ.”

ಅಧ್ಯಕ್ಷರು ಧಾರಾಳವಾಗಿ ಕೊಟ್ಟರು. ಅವಳು ಮೊದಲ ಸಾಲಿನ ಮೇಲೆ ಬೆರಳಿಟ್ಟು, ಇದ್ದದ್ದು ಇದ್ದ ಹಾಗೆ ಗಟ್ಟಿಯಾಗಿ ಓದಿದಳು.

“‘ಅಧ್ಯಕ್ಷರ ಕತೆಗಲಿಗೆ ಸಾಟಿಯಿಲ್ಲ.’ ಸಾರ್, ಬೀದರಲ್ಲೂ ‘ಳ’ ಮುರಿದೋಗಿದ್ಯಾ?”