ಮಾಮಾ ಹಚ್ಚಿದ ಬೆಂಕಿ

ಕಬ್ಬಿನ ಹಾಲಿನ ವಾಸನೆ ಬಂದಾಗಲೆಲ್ಲ, ಎಪ್ಪತ್ತೊಂದರ ಯುದ್ಧ ಮುಗಿಸಿ ರಜೆಗೆ ಬಂದಿದ್ದ ಸಿಪಾಯಿ ಮಾಮಾ ನನಗೆ ಇಂದಿಗೂ ನೆನಪಾಗುತ್ತಾನೆ.

ಆ ಮಧ್ಯಾಹ್ನ ಘಾಟ್ಕೋಪರ್ ಚಾಳಿನ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ, ಅವ್ವ ಅಕ್ಕರೆಯಿಂದ ತರಿಸಿದ್ದ ಕಬ್ಬಿನ ಹಾಲನ್ನು ಅವನು ದೂರ ಸರಿಸಿದ.

“ಯಾಕೋ ತಮ್ಮಾ?” ಎಂದಳು ಅವ್ವ.

“ಗಡಿಯಾಗ ಒಬ್ಬ ಮುದುಕನ ಕಬ್ಬಿನ ಹೊಲ ಇತ್ತಕ್ಕಾ. ವೈರಿ ಅಡಗ್ತಾರ, ಸುಡ್ರಿ ಅಂತ ಹುಕುಂ ಬಂತು. ‘ಎರಡು ದಿನ ಕೊಡು ಬೇಟಾ, ಕಡ್ಕೋತೀನಿ’ ಅಂತ ಮುದುಕ ಕೈ ಮುಗಿದ. ಸಾಹೇಬ್ರನ್ನ ಕೇಳಿದೆ, ಒಪ್ಪಲಿಲ್ಲ. ನಾನೇ ಬೆಂಕಿ ಹಚ್ಚಿದೆ. ಆ ಕಡೆ ವೈರಿ ಬರಲೇ ಇಲ್ಲ.”

“ಹುಕುಂ ಅಲ್ಲೇನೋ? ನಿಂದೇನು ತಪ್ಪು?” ಅವ್ವ ಅವನ ಒರಟು ಅಂಗೈ ಸವರಿದಳು.

ಮಾಮಾ ಕೈ ಹಿಂದಕ್ಕೆ ಎಳೆದುಕೊಂಡ.

“ಬೈದಿದ್ರ ಚಲೋ ಇತ್ತಕ್ಕಾ. ಮರುದಿನ ಆ ಮುದುಕ, ಥಂಡಿ ಅದ ಅಂತ, ನಮಗೆಲ್ಲ ಚಹಾ ತಂದುಕೊಟ್ಟ.”